ದಿಬ್ಬಕ್ಕೆ ಬೆನ್ನು ಮಾಡಿ

ಮಂಚ ಕೆಳಗೆ ಬರಕೂಡದು ಎಂದು ನಾನು ಕಾರಿನಲ್ಲೇ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದೆ. ಸೊಂಟದ ಆಪರೇಷನ್ ಆದಮೇಲೆ ನಾನು ಮಹಡಿ ಹತ್ತುವುದು ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಮೇಲಕ್ಕೆ ಸರಿಯುತ್ತಾ. ಮಗ ಅದನ್ನು ಕಂಡದ್ದೇ ತಡ, ನನ್ನ ಮಂಚವನ್ನು ಅಡುಗೆಮನೆ ಪಕ್ಕದ ಸ್ಟೋರ್‌ರೂಮಿಗೆ ಇಳಿಸಲು ತೀರ್ಮಾನಿಸಿಬಿಟ್ಟ. ನನ್ನನ್ನೊಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮೇಲಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನಿದೆ, ದೊಡ್ಡ ಕಿಟಕಿಯಿದೆ, ಒಳಗಿನಿಂದ ಹಾಕಿಕೊಳ್ಳಲು ಚಿಲಕವಿದೆ.

ಸಮಾಧಾನ ಮಾಡಲೆಂದು ಸೊಸೆಯನ್ನೂ ಕೂಡಿಸಿಕೊಂಡು ನನ್ನನ್ನು ಸಮುದ್ರದಂಚಿನ ರಕ್ಷಿತಾರಣ್ಯಕ್ಕೆ ಕರೆತಂದಿದ್ದ. ಕಾಡು ಮುಗಿಯುವಲ್ಲಿ ಹಲಗೆ ಹಾದಿಯೂ ಮುಗಿದು, ಮರಳಿನ ದಿಬ್ಬ ಎದ್ದು ನಿಂತಿತ್ತು. ಸಮುದ್ರ ಅದರಾಚೆ. ಹತ್ತುವ ದಾರಿಯ ಎರಡೂ ಬದಿಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆಯ ಹುಲ್ಲು ತುಳಿದರೆ ದಿಬ್ಬವೇ ಗಾಳಿಗೆ ಹಾರಿಹೋಗುತ್ತದಂತೆ.

ಊರುಗೋಲು ಮರಳಿನಲ್ಲಿ ಹೂತುಕೊಂಡಿತು.

"ಅಮ್ಮ, ನೀನಿಲ್ಲೇ ಬೆಂಚ್ ಮೇಲೆ ಕೂತಿರು. ನಾವು ಫೋಟೋ ತೆಕ್ಕೊಂಡು ಬರ್ತೀವಿ," ಎಂದ ಮಗ.

ಫೋಟೋ! ನನಗೆ ಮೈಯೆಲ್ಲ ಉರಿದುಹೋಯಿತು. ಕೋಲನ್ನು ಸೊಸೆಯ ಕೈಗಿತ್ತು, ದಿಬ್ಬಕ್ಕೆ ಬೆನ್ನು ಮಾಡಿ ಕೂತು, ಒಂದು ಗೇಣು ಮೇಲೆ ಸರಿದೆ.

"ಅಯ್ಯೋ, ಜನ ನೋಡ್ತಿದ್ದಾರಮ್ಮ!" ಎಂದ ಮಗ.

"ನೋಡ್ಲಿ ಬಿಡು. ಟಿಕೆಟ್ ತಗೊಂಡೇ ಬಂದಿದ್ದಾರೆ."

ಅವನು ದಿಬ್ಬದ ಬುಡದಲ್ಲಿ ನಿಂತಿದ್ದ ಅರಣ್ಯದ ಗಾರ್ಡನ್ನು ಕೂಗಿದ. "ಸಾರ್, ಹೀಗೆಲ್ಲ ಹತ್ಬಾರ್ದು ಅಂತ ಸ್ವಲ್ಪ ಹೇಳಿ ಇವ್ರಿಗೆ."

ಗಾರ್ಡ್ ಹಗ್ಗ ನೋಡಿದ, ನನ್ನನ್ನು ನೋಡಿದ. "ಹಗ್ಗದ ಒಳಗೇ ಇದ್ದಾರಲ್ಲ ಸಾರ್. ಹೇಗೆ ಹತ್ಬೇಕು ಅಂತ ಏನೂ ರೂಲ್ಸ್ ಇಲ್ಲ."

ಸೊಸೆ ಕಿಸಕ್ಕೆಂದಳು.

ಮರಳು ಮೆಟ್ಟಿಲಿನಷ್ಟು ಮರ್ಯಾದಸ್ಥನಲ್ಲ. ಎರಡು ಗೇಣು ಏರಿದರೆ ಒಂದು ಗೇಣು ಜಾರಿಸುತ್ತಿತ್ತು. ಸೊಂಟ ಚುಳ್ ಎಂದಾಗಲೆಲ್ಲ ಕೂತಲ್ಲೇ ಸುಧಾರಿಸಿಕೊಂಡೆ. ಭಯವೂ ಆಯಿತು, ಸುಳ್ಳೇಕೆ ಹೇಳಲಿ. ಇಲ್ಲಿ ಸೋತರೆ ಸ್ಟೋರ್‌ರೂಮೇ ಗತಿ. ಪಕ್ಕದಲ್ಲೇ ನಡೆದು ಬರುತ್ತಿದ್ದ ಮಗ ಎತ್ತಲೆಂದು ಕೈ ಚಾಚಿದ. ಕೈ ತಳ್ಳಿ ಮತ್ತೆ ಸರಿದೆ.

ತುದಿ ಮುಟ್ಟಿದಾಗ ಕತ್ತಿನ ಹಿಂದೆ ಉಪ್ಪುಗಾಳಿ ಬಡಿಯಿತು. ಕಣ್ಣೆದುರು, ಕೆಳಗೆ, ನಾವು ದಾಟಿ ಬಂದ ಕಾಡು. ಸಮುದ್ರ ನನ್ನ ಬೆನ್ನ ಹಿಂದೆ ಮೊರೆಯುತ್ತಿತ್ತು.

"ಎಂಥಾ ಹಠಾನಮ್ಮ ನಿಂದು!" ಮಗ ಏದುಸಿರು ಬಿಡುತ್ತಿದ್ದ. "ತಿರುಗಿ ನೋಡು, ಎಷ್ಟು ಚೆನ್ನಾಗಿದೆ."

"ಮಂಚ ಎಲ್ಲಿರುತ್ತೆ?"

"ಈಗ್ಯಾಕೆ ಅದು? ಮೊದ್ಲು ಸಮುದ್ರ ನೋಡು."

"ಮಂಚ ಎಲ್ಲಿರುತ್ತೆ ಅಂತ ಕೇಳ್ದೆ."

ಅವನು ನನ್ನ ತರಚಿದ ಅಂಗೈಗಳನ್ನು ನೋಡುತ್ತಾ ನಿಂತ. ನಾನೂ ಕಾಡು ನೋಡುತ್ತಾ ಕೂತೆ. ಕತ್ತಲಾಗುವವರೆಗೆ ಹಾಗೇ ಕೂರಲು ಸಿದ್ಧಳಿದ್ದೆ.

"ಮೇಲೇ ಇರ್ಲಿ," ಎಂದ ಕೊನೆಗೆ.

ಆಗ ತಿರುಗಿದೆ.