ಒಳಗೆ ಬಿಡದ ಬಟ್ಟೆ

ಶಾಲೆ ಶುರುವಾಗುವ ಹೊತ್ತಿಗೆ ದರ್ಜಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಬೆಳೆಯುವ ಮಕ್ಕಳ ಅಂಗಿ, ಚಡ್ಡಿಗಳಿಗೆ ಅವನು ಯಾರೂ ಹೇಳದೆಯೇ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದ. ಮುಂದಿನ ವರ್ಷ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ಆ ಗುಣಕ್ಕೇ ತಾಯಂದಿರು ಅವನ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

ಆ ದಿನ ಬಂದವಳು ಎದುರಿನ ಹಣ್ಣಿನಂಗಡಿಯವಳು.

"ಅಣ್ಣಾ, ನಿಮ್ಮ ನಾಯಿ ನನ್ನಂಗಡಿ ಹಿಂದೆ ಬಿದ್ಕೊಂಡಿದೆ. ವಾಸನೆಗೆ ಗಿರಾಕಿಗಳು ಹತ್ರ ಬರ್ತಿಲ್ಲ."

"ನನ್ನದು ಯಾವಾಗಾಯ್ತಮ್ಮಾ? ಬೀದಿ ನಾಯಿ ಅದು."

"ಕೊರಳಿಗೆ ಪಟ್ಟಿ ಹೊಲಿದು ಹಾಕಿದ್ದು ನೀವೇ ತಾನೇ? ಅದನ್ನ ನೋಡಿ, ಯಾರೋ ಸಾಕ್ಕೊಂಡಿದಾರೆ ಅಂತ ಎಲ್ಲರೂ ಸುಮ್ಮನಿದ್ವಿ. ನಾನೂ ಅಷ್ಟೇ."

ಹೊಲಿದದ್ದು ನಿಜ. ನಾಯಿ ಹಿಡಿಯುವ ಗಾಡಿಯವರು ಪಟ್ಟಿ ಇದ್ದ ನಾಯಿಯನ್ನು ಮುಟ್ಟುವುದಿಲ್ಲವೆಂದು, ಅಂಗೈಯಗಲದ ಆ ಮರಿಗೆ ಜೀನ್ಸ್ ಚೂರಿನ ಪಟ್ಟಿ ತೊಡಿಸಿ, ಬಿಚ್ಚಿಹೋಗದಂತೆ ಎರಡೆರಡು ಹೊಲಿಗೆ ಹಾಕಿದ್ದ. ಪುಣ್ಯ ಕಟ್ಟಿಕೊಂಡೆನೆಂದು ಮರೆತೂಬಿಟ್ಟಿದ್ದ. ಆಮೇಲೆ ನಾಯಿ ಅಂಗಡಿಯತ್ತ ಸುಳಿಯದಿದ್ದಾಗ, "ದೊಡ್ಡ ಮನುಷ್ಯರಾದ್ರು, ನಮ್ಮ ನೆನಪೆಲ್ಲಿ" ಎಂದು ನಕ್ಕಿದ್ದ.

ಹೋಗಿ ನೋಡಿದ. ಮರಿ ಬೆಳೆದಿತ್ತು, ಪಟ್ಟಿ ಇದ್ದಷ್ಟೇ ಇತ್ತು. ಕೊರಳ ಸುತ್ತ ಮಾಂಸದೊಳಗೆ ಹೂತುಹೋಗಿ ನೀಲಿ ಅಂಚು ಮಾತ್ರ ಕಾಣುತ್ತಿತ್ತು. ಹೊಲಿಗೆ ಎಲ್ಲಿಯೂ ಬಿಟ್ಟಿರಲಿಲ್ಲ. ತನ್ನ ಕೈಕೆಲಸದ ಮೇಲೆ ಅವನಿಗೆ ಮೊದಲ ಬಾರಿ ಹೇಸಿಗೆಯಾಯಿತು. ಬಿಚ್ಚಲು ಕೈ ಹಾಕಿದರೆ ನಾಯಿ ಮಗುವಿನಂತೆ ಚೀರಿತು.

ಗೋಣಿಚೀಲದಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ಮತ್ತಿನ ಮದ್ದು ಕೊಟ್ಟು ಪಟ್ಟಿ ಕತ್ತರಿಸಿ, ಗಾಯದಲ್ಲಿದ್ದ ಹುಳ ತೆಗೆದರು.

"ಇನ್ನೂ ತಡ ಆಗಿದ್ರೆ ಉಳೀತಿರಲಿಲ್ಲ. ಬೀದಿಗೆ ಬಿಟ್ರೆ ಗಾಯಕ್ಕೆ ಮತ್ತೆ ಹುಳ ಬೀಳತ್ತೆ. ಯಾರದು ನಾಯಿ?"

ದರ್ಜಿ ತಲೆ ತಗ್ಗಿಸಿದ. "ನಮ್ಮದೇ, ಮೇಡಂ."

"ಇಷ್ಟು ದಿನ ಕಣ್ಣು ಎಲ್ಲಿಟ್ಟಿದ್ರಿ?"

ಅವನು ನಾಯಿಯನ್ನು ಎತ್ತಿಕೊಂಡು ಮನೆಗೆ ಬಂದ.

"ಮನೇಲಿ ನಾವು ಕಾಲು ಚಾಚೋಕೇ ಜಾಗ ಇಲ್ಲ. ಇದನ್ನೆಲ್ಲಿ ಮಲಗಿಸ್ತೀರಾ?" ಎಂದಳು ಹೆಂಡತಿ.

"ಅಂಗಡೀಲಿ."

"ಗಿರಾಕಿಗಳು ಹೇಸ್ಕೊಂಡ್ರೆ?"

"ಹೇಸ್ಕೊಳ್ಳಲಿ. ಊರ ಮಕ್ಕಳಿಗೆಲ್ಲ ಒಳಗೆ ಬಟ್ಟೆ ಬಿಟ್ಟೆ. ಇದೂ ಬೆಳೆಯತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣೇ" ಎಂದವನು ಅತ್ತೇಬಿಟ್ಟ. ಅವಳು ಮಾತು ಬೆಳೆಸದೆ ಹಳೆಯ ಕಂಬಳಿ ಹುಡುಕಿ ಕೊಟ್ಟಳು.

ಗಾಯ ಮಾಗಿತು. ಕೊರಳ ಸುತ್ತ ಕೂದಲು ಮಾತ್ರ ಮತ್ತೆ ಬರಲಿಲ್ಲ. ಹಣ್ಣಿನಂಗಡಿಯವಳನ್ನು ಕಂಡರೆ ನಾಯಿ ಬಾಲ ಆಡಿಸುತ್ತದೆ. ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಮಲಗುತ್ತದೆ. ದರ್ಜಿ ಹತ್ತಿರ ಬಂದರೆ ಮೇಜಿನಡಿ ಸರಿದು ನಡುಗುತ್ತದೆ. ಅವನು ಒಳಗಿದ್ದರೆ ತಟ್ಟೆಗೆ ಬಾಯಿ ಹಾಕುವುದಿಲ್ಲ.

"ಮೂಕಪ್ರಾಣಿ, ನಿಧಾನಕ್ಕೆ ಮರೆಯತ್ತೆ ಬಿಡಿ" ಎನ್ನುತ್ತಾಳೆ ಹೆಂಡತಿ.

"ಮರೀದಿದ್ರೂ ಪರವಾಗಿಲ್ಲ. ಹೊಟ್ಟೆ ತುಂಬ ತಿನ್ನಲಿ."

ಎಷ್ಟೇ ಕೆಲಸವಿರಲಿ, ಮಧ್ಯಾಹ್ನ ತಟ್ಟೆ ತುಂಬಿಸಿಟ್ಟು ದರ್ಜಿ ಬಿಸಿಲಿಗೆ ಇಳಿಯುತ್ತಾನೆ. ಒಳಗೆ ತಟ್ಟೆ ನೆಕ್ಕುವ ಸದ್ದು ನಿಲ್ಲುವವರೆಗೂ ಬೀದಿಯಲ್ಲೇ ನಿಂತಿರುತ್ತಾನೆ.