ಸನ್ನೆಕೋಲಿಗೆ ಕಟ್ಟಿದ ಕಲ್ಲು

ಹೊಳೆಯ ನೆರೆಗೆ ಊರು ಬಿಟ್ಟ ಎಡತೊರೆಯವರು ಕೃಷ್ಣರಾಜನಗರಕ್ಕೆ ಬಂದು ನೆಲೆಯೂರಿದ ಮೇಲೆ ಷಣ್ಮುಖಪ್ಪ ಅಲ್ಲೊಂದು ಅಕ್ಕಿ ಗಿರಣಿ ಹಾಕಿದ. ಭತ್ತ ಬೇಯಿಸುವುದಕ್ಕೆ ಬಾಯ್ಲರು ತರಿಸಿದ. ಆವಿ ಮಿತಿಮೀರಿದರೆ ತಾನಾಗಿ ಎದ್ದು ಹೊರಗೆ ಬಿಡುವ ಮುಚ್ಚಳವೊಂದು ಅದರ ನೆತ್ತಿಯ ಮೇಲಿತ್ತು. ಮುಚ್ಚಳವನ್ನು ಅದುಮಿ ಹಿಡಿಯಲು ಸನ್ನೆಕೋಲು, ಕೋಲಿನ ತುದಿಗೆ ಕಬ್ಬಿಣದ ಗುಂಡು.

ಆ ವರ್ಷ ಆಯುಧಪೂಜೆ ಕಳೆದದ್ದೇ ತಡ, ಮುಚ್ಚಳ ಮತ್ತೆ ಮತ್ತೆ ಎದ್ದು ಬುಸುಗುಟ್ಟತೊಡಗಿತು. ಇಂಜಿನ್ ನೋಡಿಕೊಳ್ಳುವ ಲಿಂಗಣ್ಣ ಆವಿಯ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ನೋಡಿದ. ಮುಳ್ಳು ನಲವತ್ತರಲ್ಲಿತ್ತು, ಕೆಂಪು ಗೆರೆ ಇನ್ನೂ ದೂರ. ಮುಚ್ಚಳಕ್ಕೇ ವಯಸ್ಸಾಗಿದೆ ಎಂದು ತೀರ್ಮಾನವಾಯಿತು. ಷಣ್ಮುಖಪ್ಪ ಹೇಳಿದಂತೆ ಲಿಂಗಣ್ಣ ಭಾನುವಾರ ಸಂಜೆ ಎಲ್ಲರೂ ಹೋದ ಮೇಲೆ, ಮುಚ್ಚಳ ಏಳದಂತೆ ಒಂದು ರುಬ್ಬುಗುಂಡು ತಂದು ಕೋಲಿಗೆ ಬಿಗಿದ.

ಸೋಮವಾರ ಗಿರಣಿಗೆ ರಜ. ಮಂಗಳವಾರ ಬೆಳಿಗ್ಗೆ ಪುಟ್ಟಸಿದ್ದಮ್ಮ ಆ ಕಲ್ಲನ್ನು ಕಂಡಳು. ಒಲೆಬಾಯಿಗೆ ಹೊಟ್ಟು ತಳ್ಳುವವಳು ಅವಳು. ಬಾಯ್ಲರು ಒಡೆದರೆ ಮೊದಲು ಹೋಗುವವಳೂ ಅವಳೇ. ಹೊಟ್ಟು ತುಂಬಿದ ಮಂಕರಿ ಕೆಳಗಿಟ್ಟು ಕೂತುಬಿಟ್ಟಳು.

"ಕಲ್ಲು ಇಳಿಸು, ಬೆಂಕಿ ಹಾಕ್ತೀನಿ."

ಮುಳ್ಳು ನಲವತ್ತು ದಾಟಿಲ್ಲ, ಮುಚ್ಚಳ ಸುಮ್ಮನೆ ಕಿರುಚುತ್ತದೆ ಎಂದು ಲಿಂಗಣ್ಣ ಸಮಾಧಾನ ಹೇಳಿದ.

"ನಲವತ್ತು ನಲವತ್ತು ಅಂತ ನನ್ ಕೈಲಿ ಹೊಟ್ಟು ಸುರಿಸ್ದೆ. ಮೊದ್ಲು ಎಲೆ ಅಡಿಕೆ ಜಗಿದು ಉಗಿಯೋ ಹೊತ್ಗೆ ಭತ್ತ ಬಾಯ್ ಬುಡ್ತಿತ್ತು. ಈಗ ಸುಣ್ಣ ಅಚ್ಚೋದ್ರೊಳಗೇ ಬುಡ್ತದೆ. ನಲವತ್ರಲ್ಲಿ ಅಂಗಾಯ್ತದೇನ್ಲಾ?"

ಅಷ್ಟರಲ್ಲಿ ಷಣ್ಮುಖಪ್ಪ ಬಂದ. ಬೆಂಕಿ ಹಾಕದಿದ್ದರೆ ಗಿರಣಿಯ ಕಡೆ ತಲೆ ಹಾಕಬೇಡ, ಹೊಟ್ಟು ತಳ್ಳುವುದಕ್ಕೆ ಊರಿಡೀ ಇದೆ ಅಂದ.

"ಕರೆಸಿ ಬುದ್ಧಿ. ಬಂದೋರ ಪಕ್ಕದಲ್ಲಿ ನೀವೂ ಕುಂತ್ಕೊಳಿ. ನೀವು ಕುಂತ್ರೆ ನಾನೂ ಕುಂತ್ಕೋತೀನಿ." ಹೇಳಿ, ಒಲೆಯ ಮುಂದಿನ ಮಣೆಯನ್ನು ಅವನ ಕಡೆಗೆ ಸರಿಸಿದಳು. ಭತ್ತ ಹರಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಒಬ್ಬಳು ಸೆರಗಿನೊಳಗೆ ನಕ್ಕಳು.

ಷಣ್ಮುಖಪ್ಪ ಮಣೆಯನ್ನು ನೋಡಿದ, ಕೂರಲಿಲ್ಲ. ಬದಲಿಗೆ ಗಡಿಯಾರ ತೋರಿಸಿದ. ತನ್ನ ತಾಯಿ ಭಾಗ್ಯಮ್ಮನವರು ಮುಂದೆ ನಿಂತು ಪೂಜೆ ಮಾಡಿಸಿದ ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಕೇಳಿದ.

"ಬಾಯ್ಲರ್ ಮುಟ್ಟಿ ನೋಡಿ, ಬುದ್ಧಿ."

ಮುಟ್ಟಿದ. ತಣ್ಣಗೆ ಕೊರೆಯುತ್ತಿತ್ತು. ಒಳಗೆ ಬಿಸಿಯಿಲ್ಲ, ಆವಿಯಿಲ್ಲ. ಮುಳ್ಳು ಮಾತ್ರ ನಲವತ್ತರಲ್ಲೇ ನಿಂತಿತ್ತು.

ಲಿಂಗಣ್ಣನ ಮುಖ ಬಾಡಿತು. ಆವಿ ಏಳುವ ಮೊದಲು ಅವನು ಎಂದೂ ಮುಳ್ಳಿನ ಕಡೆ ನೋಡಿದವನಲ್ಲ. ತಡವರಿಸುತ್ತ ಹೇಳಿದ: ಪೂಜೆಯ ದಿನ ಬಾಯ್ಲರಿಗೆ ಸ್ವಲ್ಪ ಬೆಂಕಿ ಹಾಕಿದ್ದರು, ಮುಳ್ಳು ನಲವತ್ತಕ್ಕೆ ಏರಿತ್ತು. ಗಾಜಿಗೆ ಇಟ್ಟ ಕುಂಕುಮ ಯಂತ್ರಕ್ಕೆ ಮುಟ್ಟುವುದಿಲ್ಲ ಎಂದು ಭಾಗ್ಯಮ್ಮನವರು ಅಂದರು. ಅವನು ಗಾಜು ತೆಗೆದು ಮುಳ್ಳಿನ ಬುಡಕ್ಕೇ ಗಂಧ ಕುಂಕುಮ ಮೆತ್ತಿ, ಮತ್ತೆ ಗಾಜು ಕೂರಿಸಿದ್ದ.

ಈಗ ಗಾಜು ಬಿಚ್ಚಿದ. ಗಂಧ ಒಣಗಿ ಮುಳ್ಳು ತಟ್ಟೆಗೆ ಅಂಟಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೊಡನೆ ಸೊನ್ನೆಗೆ ಬಿತ್ತು.

"ಸರಿಹೋಯ್ತಲ್ಲ, ಬೆಂಕಿ ಹಾಕು," ಅಂದ ಷಣ್ಮುಖಪ್ಪ.

ಪುಟ್ಟಸಿದ್ದಮ್ಮ ಏಳಲಿಲ್ಲ. ಮೇಲಿದ್ದ ಕಲ್ಲಿನ ಕಡೆಗೆ ಗದ್ದ ಎತ್ತಿದಳು.

ಅವನು ಹಲ್ಲು ಕಡಿದು ಲಿಂಗಣ್ಣನಿಗೆ ಸನ್ನೆ ಮಾಡಿದ. ಹಗ್ಗ ಕುಯ್ದು ಕಲ್ಲನ್ನು ಇಳಿಸಿದ್ದಾಯಿತು. ನಾಲಿಗೆ ಉದ್ದವಾಯಿತು, ನಾಳೆಯಿಂದ ಬರಬೇಡ ಅಂದ ಷಣ್ಮುಖಪ್ಪ, ಎಲ್ಲರಿಗೂ ಕೇಳುವಂತೆ.

"ನಾಳೆನೂ ಬತ್ತೀನಿ ಬುದ್ಧಿ," ಅಂದಳು, ಹೊಟ್ಟಿನ ಮಂಕರಿ ಎಳೆದುಕೊಳ್ಳುತ್ತ. "ಬಂದೇಟ್ಗೆ ಮೇಲೆ ನೋಡ್ತೀನಿ. ಆಮೇಲೆ ಬೆಂಕಿ."