ಒಂದು ಕಾಸಿನ ಕಡಿತ

"ತಂಗಿ ಶಾಸಕಿಯಾದಳು ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದ್ನಲ್ಲ, ನನ್ನ ಬುದ್ಧಿಗಿಷ್ಟು! ನಮ್ಮ ಆಸ್ಪತ್ರೆ ದುಡ್ಡಿಗೇ ಕತ್ತರಿ ಹಾಕ್ತೀಯಾ?"

ಅಕ್ಕ ಬೆಳಿಗ್ಗೆಯೇ ಬಂದು ಕೆಂಡ ಕಾರುತ್ತಿದ್ದಳು. ಅವಳು ಹೆರಿಗೆ ವಾರ್ಡಿನ ನರ್ಸು. ವಾರ್ಡು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನೋವು ತಿನ್ನುವ ಬಸುರಿಯರನ್ನು ಸ್ಟ್ರೆಚರಿನಲ್ಲಿ ಹೊತ್ತೇ ಹತ್ತಿಸಬೇಕು. ಆರೋಗ್ಯ ಇಲಾಖೆಯ ಬಜೆಟ್ಟಿನಲ್ಲಿ ಕಡಿತ ಕೋರಿ ತಂಗಿ ಸೂಚನೆ ಕೊಟ್ಟಿದ್ದಾಳೆಂದು ಪೇಪರಿನಲ್ಲಿ ಬಂದಿತ್ತು.

"ಒಂದೇ ಒಂದು ಕಾಸು ಕಣಕ್ಕ. ಜಾಸ್ತಿ ಕೊಡಿ ಅಂತ ಸೂಚನೆ ಕೊಡೋ ಹಕ್ಕು ನಮಗಿಲ್ಲ, ಕಡಿಮೆ ಮಾಡಿ ಅಂತ ಮಾತ್ರ ಕೊಡಬಹುದು. ಆ ನೆಪದಲ್ಲಿ ಲಿಫ್ಟಿನ ಮಾತೆತ್ತಬಹುದು."

"ಇದ್ಯಾವ ಸೀಮೆ ನಿಯಮನೇ?" ಎಂದಳು ಅಕ್ಕ.

ಅಕ್ಕ ನಂಬದೆ ಸದನದ ಗ್ಯಾಲರಿಗೇ ಬಂದು ಕೂತಳು. ಚರ್ಚೆಗೆ ಅದು ಕೊನೆಯ ದಿನ. ಸಂಜೆ ಐದಾದರೆ ಮುಗಿಯಿತು; ಉಳಿದ ಇಲಾಖೆಗಳ ಹಣವನ್ನೆಲ್ಲ ಚರ್ಚೆಯಿಲ್ಲದೆ ಒಂದೇ ಏಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ರಸ್ತೆಗಳ ಬಗ್ಗೆ ಮಾತಾಡಲು ನಿಂತ ಹಿರಿಯರೊಬ್ಬರು ತಮ್ಮ ಬಾಲ್ಯದ ಗುಂಡಿಗಳಿಂದ ಶುರು ಮಾಡಿದ್ದರು, ಇನ್ನೂ ಯೌವನಕ್ಕೆ ಬಂದಿರಲಿಲ್ಲ. ಆಡಳಿತ ಪಕ್ಷದವರು ಒಬ್ಬೊಬ್ಬರಾಗಿ ಕಾಫಿಗೆ ಜಾರಿಕೊಂಡರು. ಅವರಾದ ಮೇಲೆಯೇ ಆರೋಗ್ಯದ ಸರದಿ; ತಂಗಿ ಗಡಿಯಾರ ನೋಡುತ್ತಲೇ ಇದ್ದಳು.

ಅಂತೂ ಅವಳ ಸರದಿ ಬಂದಾಗ ಐದಕ್ಕೆ ಸ್ವಲ್ಪವೇ ಬಾಕಿ. ಬರೆದುಕೊಂಡಿದ್ದ ಭಾಷಣ ಬಿಟ್ಟು ಮೆಟ್ಟಿಲು, ಸ್ಟ್ರೆಚರ್, ನಡುದಾರಿಯಲ್ಲೇ ಹೆತ್ತ ಹೆಂಗಸು, ಇಷ್ಟನ್ನೇ ಹೇಳಿದಳು.

"ಪರಿಶೀಲಿಸೋಣ" ಎಂದರು ಮಂತ್ರಿ.

"ಸೂಚನೆ ವಾಪಸ್ ತಗೊಳ್ತೀರಾ?" ಸಭಾಧ್ಯಕ್ಷರು ಕೇಳಿದರು. ಎಲ್ಲರೂ ತೆಗೆದುಕೊಳ್ಳುತ್ತಾರೆ, ಅದೇ ವಾಡಿಕೆ. ತಂಗಿ ಎದುರಿನ ಖಾಲಿ ಕುರ್ಚಿಗಳನ್ನು ನೋಡಿದಳು. ಅವಳ ಕಡೆಯ ವಿರೋಧ ಪಕ್ಷದ ಬೆಂಚುಗಳು ತುಂಬಿದ್ದವು. ಒಂದು ಕಾಸಿನ ಕಡಿತ ಗೆದ್ದರೂ ಸರ್ಕಾರಕ್ಕೆ ಬಹುಮತವಿಲ್ಲವೆಂದೇ ಲೆಕ್ಕ.

"ಇಲ್ಲ. ಮತಕ್ಕೆ ಹಾಕಿ."

ಮಂತ್ರಿ ತಿರುಗಿ ನೋಡಿದರು. ಹಿಂದೆ ತೂಕಡಿಸುತ್ತಿದ್ದ ಇಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. "ಈ ವರ್ಷವೇ ಲಿಫ್ಟ್ ಹಾಕಿಸ್ತೀವಿ, ಸದನಕ್ಕೆ ಭರವಸೆ ಕೊಡ್ತೀನಿ" ಎಂದು ಒಂದೇ ಉಸಿರಿಗೆ ಹೇಳಿದರು. ಸದನದಲ್ಲಿ ಕೊಟ್ಟ ಮಾತು ದಾಖಲಾಗುತ್ತದೆ, ಸುಲಭಕ್ಕೆ ನುಂಗುವಂತಿಲ್ಲ. ತಂಗಿ ಖುಷಿಯಿಂದಲೇ ಸೂಚನೆ ವಾಪಸ್ ತೆಗೆದುಕೊಂಡಳು.

ಹೊರಗೆ ಅಕ್ಕ ವಾರ್ಡಿಗೆ ಫೋನು ಮಾಡಿದ್ದಳು. "ಲಿಫ್ಟು ಕಣ್ರೇ, ನಮ್ಮ ಲಿಫ್ಟು..." ಎನ್ನುವಷ್ಟರಲ್ಲಿ ಖುಷಿಗೆ ಅಳುವೇ ಬಂದುಬಿಟ್ಟಿತು. ತಂಗಿಯನ್ನು ಕಂಡವಳೇ ಫೋನನ್ನು ಅವಳ ಕೈಗೆ ತುರುಕಿದಳು.

"ನೀನೇ ಹೇಳೇ. ನಾನು ಅಳ್ತಿರೋದು ಕೇಳಿ ಅವರೂ ಅಳ್ತಿದ್ದಾರೆ, ಲಿಫ್ಟ್ ಸಿಗಲಿಲ್ಲ ಅಂದ್ಕೊಂಡು."